ಮೊದಲ ಬೆಂಚಿನಿಂದ ಶುರುವಾಗಲಿ: ಲೆಂಟ್ ಕಾಲಕ್ಕೆ ಮುಂಚೆ ನಮ್ಮ ಸಭಾಹಿರಿಯರಿಗೊಂದು ಬಹಿರಂಗ ಪತ್ರ

ಗೆ,
ಪೂಜ್ಯ ಸಭಾಪಾಲಕರು, ಸಭಾಹಿರಿಯರು ಮತ್ತು ಸಮಿತಿಯ ಸದಸ್ಯರು,
ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಹಾಗೂ ಹಾವೇರಿ ಭಾಗದ ಸಭೆಗಳು.

ವಿಷಯ: ಕರ್ತನ ಭೋಜನಕ್ಕೆ ಮುಂಚಿನ ಸಿದ್ಧತಾ ಕೂಟ ಮತ್ತು ಅದು ಯಾರಿಂದ ಶುರುವಾಗಬೇಕು ಎಂಬ ಬಗ್ಗೆ.

ಮಾನ್ಯರೇ,

ಕರ್ತನ ನಾಮದಲ್ಲಿ ವಂದನೆಗಳು.

ಇನ್ನು ಕೆಲವೇ ವಾರಗಳಲ್ಲಿ ಲೆಂಟ್ ಕಾಲ ಶುರುವಾಗುತ್ತದೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ. ಉಪವಾಸ ಕೂಟಗಳ ಪಟ್ಟಿ, ಸಂದೇಶ ಕೊಡುವವರ ಹೆಸರು, ಮನೆಮನೆ ಪ್ರಾರ್ಥನೆಯ ಸರದಿ, ಗೇಟಿಗೆ ಕಟ್ಟುವ ಬ್ಯಾನರ್ ಎಲ್ಲವೂ ಈಗಾಗಲೇ ತಯಾರಾಗುತ್ತಿರಬೇಕು. ಆ ಪಟ್ಟಿಯಲ್ಲಿ ಸ್ವಪರೀಕ್ಷೆಗೆ ಮಾತ್ರ ಜಾಗ ಇರುವುದಿಲ್ಲ. ಅದನ್ನು ಕೇಳುವುದಕ್ಕೆ ಈ ಪತ್ರ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬರುವವರು ಮೊದಲು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ (1 ಕೊರಿಂಥ 11:28). ಅದಕ್ಕೆಂದೇ ಭೋಜನದ ಹಿಂದಿನ ಶನಿವಾರ ಸಂಜೆ ಸಿದ್ಧತಾ ಕೂಟ ನಡೆಸುವ ರೂಢಿ ನಮ್ಮ ಹಳೆಯ ಸಭೆಗಳಲ್ಲಿತ್ತು. ಈಗ ಕೆಲವು ಕಡೆ ಅದು ನಿಂತೇ ಹೋಗಿದೆ. ಕೆಲವು ಕಡೆ ಭಾನುವಾರ ಬೆಳಿಗ್ಗೆ ಆರಾಧನೆಗೆ ಹತ್ತು ನಿಮಿಷ ಇರುವಾಗ, ಅತ್ತ ಮೈಕ್ ಟೆಸ್ಟ್ ನಡೆದಿರುವಂತೆಯೇ, ಒಂದು ಕೀರ್ತನೆ ಓದಿ ಮುಗಿಸುತ್ತಾರೆ. ಉಳಿದಿರುವುದು ಆರಾಧನಾಕ್ರಮದೊಳಗಿನ ಸಾಮಾನ್ಯ ಪಾಪನಿವೇದನೆ ಒಂದೇ. ಎಲ್ಲರೂ ಒಟ್ಟಾಗಿ ಓದಿದರೆ ಒಂದು ನಿಮಿಷ ಹಿಡಿಯುತ್ತದೆ. ವಿಚಾರದಲ್ಲಿ, ಮಾತಿನಲ್ಲಿ, ಕ್ರಿಯೆಯಲ್ಲಿ ತಪ್ಪಿದ್ದೇವೆ ಎನ್ನುತ್ತೇವೆ. ಆ ಪ್ರಾರ್ಥನೆಯಲ್ಲಿ ದೋಷವಿಲ್ಲ. ಆದರೆ ಯಾವ ವಿಚಾರ, ಯಾರಿಗೆ ಆಡಿದ ಮಾತು, ಯಾವ ದಿನ ಮಾಡಿದ ಕೆಲಸ ಎಂಬುದನ್ನು ಓದುವವರು ಮನೆಯಿಂದಲೇ ತಂದಿರಬೇಕು. ತಾರದೆ ಬಂದರೆ ಅದು ಖಾಲಿ ಫಾರ್ಮಿಗೆ ಸಹಿ ಹಾಕಿದ ಹಾಗೆ. ನೂರು ಜನ ಕೂಡಿ 'ನಾವು' ಎಂದಾಗ ಯಾವ ಒಬ್ಬನೂ 'ನಾನು' ಎಂದಂತಾಗುವುದಿಲ್ಲ.

ಇದರ ಪರಿಣಾಮ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಭೋಜನದ ಆರಾಧನಾಕ್ರಮ 1950ರಲ್ಲಿ ಬಳಕೆಗೆ ಬಂದಾಗ ಅದರಲ್ಲಿ ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿಯೊಂದನ್ನು ಸೇರಿಸಿದರು. ಅದೇ ನಾವು ಮಾಡುವ ಶಾಂತಿವಂದನೆ. ಸಭಾಪಾಲಕರ ಕೈಯಿಂದ ಹೊರಟ ಶಾಂತಿ ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ದಾಟುತ್ತಾ ಕೊನೆಯ ಬೆಂಚು ಮುಟ್ಟಬೇಕು. ಕಾಣಿಕೆ ತಂದವನಿಗೆ ಸಹೋದರನ ದೂರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಲಿ ಎಂಬ ಮತ್ತಾಯ 5:23-24ರ ಮಾತೇ ಅದಕ್ಕೆ ಆಧಾರ. ಈಗ ನಮ್ಮಲ್ಲಿ ಆಗುವುದನ್ನು ನೋಡಿ. ಆಸ್ತಿಯ ತಕರಾರು ಇರುವ ಎರಡು ಮನೆತನಗಳಲ್ಲಿ ಒಂದು ಎಡಗಡೆ ಕಿಟಕಿ ಕೆಳಗೆ ಕೂಡುತ್ತದೆ, ಇನ್ನೊಂದು ಬಲಗಡೆ ಹಾರ್ಮೋನಿಯಂ ಹತ್ತಿರ. ಯಾರ ಜಾಗ ಎಲ್ಲಿ ಎಂಬುದು ಸಣ್ಣ ಹುಡುಗರಿಗೂ ಗೊತ್ತು. ಶಾಂತಿ ಹೊತ್ತು ಬರುವ ಹಿರಿಯರಿಗೂ ಗೊತ್ತು; ಆ ಬೆಂಚಿನ ಅಂಚಿಗೆ ಬಂದಾಗ ಕೈ ಚಾಚಿದಂತೆ ಮಾಡಿ ಮುಂದೆ ಸರಿಯುತ್ತಾರೆ. ನಡುವಿನ ದಾರಿ ಆರು ಫೂಟು ಅಗಲ ಇದ್ದೀತು, ಅಷ್ಟನ್ನು ದಾಟುವುದಕ್ಕೆ ಕೋರ್ಟಿನಲ್ಲಿ ವರ್ಷಗಟ್ಟಲೆ ತಾರೀಖು ಬೀಳುತ್ತಿರುತ್ತದೆ. ಹದಿನೈದು ನಿಮಿಷದ ಬಳಿಕ ಎರಡೂ ಮನೆಯವರು ಅದೇ ಕಟಾಂಜನದ ಮುಂದೆ ಮೊಣಕಾಲೂರಿ ಅದೇ ಪಾತ್ರೆಯಿಂದ ಕುಡಿಯುತ್ತಾರೆ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಪೌಲ 1 ಕೊರಿಂಥ 6ರಲ್ಲಿ ಎಷ್ಟು ಖಡಕ್ಕಾಗಿ ಬೈದಿದ್ದಾನೆಂದು ನಿಮಗೆ ನಾನು ಹೇಳಬೇಕಿಲ್ಲ. ಹಾಗಿದ್ದರೂ ಆ ಅಧ್ಯಾಯದ ಮೇಲೆ ಪ್ರಸಂಗ ಮಾಡುವ ಧೈರ್ಯ ನಮ್ಮ ಪೀಠಗಳಲ್ಲಿ ಅಪರೂಪ, ಯಾಕೆಂದರೆ ಕೆಲವು ವ್ಯಾಜ್ಯಗಳು ಸಭೆಯ ಚುನಾವಣೆಯಿಂದಲೇ ಹುಟ್ಟಿದಂಥವು.

ಇನ್ನು ಸುಗ್ಗಿ ಹಬ್ಬ. ಅದರ ಲಿಲಾವು ನಮ್ಮ ಸಭೆಗಳ ಸಂಭ್ರಮ, ಅದನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಹೊಸ ಜೋಳ, ಗೋವಿನಜೋಳದ ತೆನೆ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ಮೇಜಿನ ಮುಂದೆ ಸಾಲಾಗಿ ಇರುತ್ತವೆ. ಮೈಕಿನವರು 'ಒಂದನೇ ಸಲ, ಎರಡನೇ ಸಲ' ಅನ್ನುತ್ತಾರೆ. ಐವತ್ತು ರೂಪಾಯಿಯ ತೆಂಗಿನಕಾಯಿ ಎರಡು ಸಾವಿರಕ್ಕೆ ಏರುತ್ತದೆ, ಚಪ್ಪಾಳೆ ಬೀಳುತ್ತದೆ, ಹೆಸರು ಮತ್ತೆ ಮತ್ತೆ ಹೇಳುತ್ತಾರೆ. ಖಜಾಂಚಿ ನೋಟ್‌ಬುಕ್ಕಿನಲ್ಲಿ ಹೆಸರು, ವಸ್ತು, ಮೊತ್ತ ಬರೆದು ಮುಂದೆ 'ಬಾಕಿ' ಎಂದು ಹಾಕುತ್ತಾನೆ. ಮುಂದಿನ ಸುಗ್ಗಿ ಬಂದರೂ ಎಷ್ಟೋ ಹೆಸರುಗಳ ಮುಂದೆ ಆ 'ಬಾಕಿ' ಹಾಗೇ ಇರುತ್ತದೆ. ಸಭೆಯ ಲೆಕ್ಕ ನೋಡಿದವರಿಗೆಲ್ಲ ಗೊತ್ತಿರುವ ಮಾತಿದು: ಸಣ್ಣ ಮೊತ್ತ ಕೂಗಿದವರು ಮುಂದಿನ ಭಾನುವಾರವೇ ತಂದು ಕೊಟ್ಟು ಹೋಗುತ್ತಾರೆ, ದೊಡ್ಡ ದನಿಯ ಬಾಕಿಯೇ ಉಳಿಯುತ್ತದೆ. ಕೇಳಿದರೆ 'ಎಲ್ಲಿ ಓಡಿ ಹೋಕ್ಕೇನ್ರಿ, ಕೊಡ್ತೀನಲ್ಲ' ಎಂಬ ಉತ್ತರ. ಹೆಚ್ಚು ಕೇಳಲು ಖಜಾಂಚಿಗೂ ಬಾಯಿ ಬರುವುದಿಲ್ಲ, ಬಾಕಿದಾರರು ಅದೇ ಸಮಿತಿಯ ಕುರ್ಚಿಯಲ್ಲಿ ಕೂತಿರುತ್ತಾರೆ.

ಇದನ್ನು ಬರೀ ವಸೂಲಿಯ ಸಮಸ್ಯೆ ಎಂದು ನೋಡಬಾರದು. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ, ಸಪ್ಫೈರ ಎಂಬ ದಂಪತಿಯ ಪ್ರಸಂಗವಿದೆ. ಅವರು ಹೊಲ ಮಾರಿದ ಹಣದಲ್ಲಿ ಒಂದಿಷ್ಟನ್ನು ಇಟ್ಟುಕೊಂಡರು. ಇಟ್ಟುಕೊಂಡದ್ದು ಪಾಪ ಎಂದು ಪೇತ್ರ ಹೇಳಲಿಲ್ಲ. ಮಾರುವ ಮುಂಚೆ ಹೊಲ ನಿನ್ನದೇ, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಕೇಳಿದ. ಪೂರ್ತಿ ಕೊಟ್ಟವರೆಂಬ ಹೆಸರನ್ನು ಒಂದು ಭಾಗ ಕೊಟ್ಟು ಪಡೆಯಹೋದದ್ದೇ ತಪ್ಪು. ಲಿಲಾವಿನ ಚಪ್ಪಾಳೆ ಪಡೆದು ಹಣ ಕೊಡದವರು ಅವರಿಗಿಂತ ಒಂದು ಹೆಜ್ಜೆ ಮುಂದೆ. ಅವರು ಒಂದು ಭಾಗವನ್ನಾದರೂ ತಂದಿದ್ದರು.

ಹೆಸರಿನ ಆಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ದೇವಾಲಯಗಳ ಫ್ಯಾನಿನ ಎಲೆಗಳ ಮೇಲೂ ದಾನಿಗಳ ಹೆಸರು ಕೆಂಪು ಬಣ್ಣದಲ್ಲಿ ಇದೆ. ಫ್ಯಾನು ತಿರುಗುತ್ತಿರುವಾಗ ಓದಲಿಕ್ಕಾಗುವುದಿಲ್ಲ ಎಂಬುದೊಂದೇ ಸಮಾಧಾನ. 21 ದಿನಗಳ ಉಪವಾಸದ ಇವತ್ತಿನದು ಎಷ್ಟನೇ ದಿನ ಎಂದು ವಾಟ್ಸಾಪ್ ಸ್ಟೇಟಸ್ ಹಾಕುವವರಿಗೆ, ಉಪವಾಸವನ್ನು ಜನರಿಗೆ ತೋರಿಸಬೇಡಿ ಎಂಬ ಮತ್ತಾಯ 6:16-18 ಓದಿ ಹೇಳುವ ಕೆಲಸ ನಿಮ್ಮದು.

ನನ್ನ ಮುಖ್ಯ ದೂರು ಬೇರೆ ಇದೆ. ಕಪಟ ಎಂದರೆ ಬೇಕೆಂದೇ ಸುಳ್ಳು ಹೇಳುವುದು, ಒಳಗೊಂದು ಹೊರಗೊಂದು ಇಟ್ಟುಕೊಳ್ಳುವುದು ಎಂದಷ್ಟೇ ನಮ್ಮಲ್ಲಿ ಕಲಿಸುತ್ತಾರೆ. ಹಾಗೆ ಕಲಿತವರು ತಮ್ಮನ್ನು ನೋಡಿಕೊಂಡಾಗ ಏನೂ ಸಿಗುವುದಿಲ್ಲ, ಯಾಕೆಂದರೆ ಅವರು ನಿಜವಾಗಿಯೂ ಸುಳ್ಳು ಹೇಳುತ್ತಿಲ್ಲ. ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಫರಿಸಾಯನನ್ನು, ಅಂದರೆ ದೇವಾಲಯಕ್ಕೆ ಬಂದು ಪ್ರಾರ್ಥಿಸುವ ಆ ಕಟ್ಟಾ ಧರ್ಮನಿಷ್ಠ ಯೆಹೂದಿಯನ್ನು ನೋಡಿ. ವಾರಕ್ಕೆ ಎರಡು ಸಲ ಉಪವಾಸ, ಸಂಪಾದನೆಯೆಲ್ಲದರಲ್ಲೂ ಹತ್ತರಲ್ಲೊಂದು ಪಾಲು. ಮೋಶೆಯ ಧರ್ಮಶಾಸ್ತ್ರ ಎಲ್ಲರಿಗೂ ಕಡ್ಡಾಯ ಮಾಡಿದ್ದು ವರ್ಷಕ್ಕೊಂದು ದಿನ, ದೋಷಪರಿಹಾರಕ ದಿನದ ಉಪವಾಸ ಮಾತ್ರ. ಅಂದರೆ ಇವನು ಕೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಾಡುತ್ತಿದ್ದ. ಅವನು ಹೇಳಿದ್ದೆಲ್ಲ ನಿಜ, ಯೇಸು ಅದರಲ್ಲಿ ಒಂದನ್ನೂ ಅಲ್ಲಗಳೆಯಲಿಲ್ಲ. ಅವನ ಪ್ರಾರ್ಥನೆ ಕೆಟ್ಟದ್ದು ದೂರದಲ್ಲಿ ನಿಂತ ಸುಂಕದವನನ್ನು ಅಳತೆಗೋಲು ಮಾಡಿಕೊಂಡದ್ದರಿಂದ. ನಾವು ಈ ಕಥೆ ಓದಿ, 'ಸದ್ಯ, ನಾವು ಆ ಫರಿಸಾಯನ ಹಾಗಿಲ್ಲ' ಎಂದುಕೊಂಡು ಮನೆಗೆ ಹೋಗುತ್ತೇವೆ.

ಮತ್ತಾಯ 23ರಲ್ಲಿಯೂ ಅಷ್ಟೇ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲಿಯೂ ದಶಮಾಂಶ ಎಣಿಸಿ ಕೊಡುವವರಿಗೆ ಅದನ್ನು ಬಿಡಿ ಎಂದು ಯೇಸು ಹೇಳಲಿಲ್ಲ. ಅದನ್ನೂ ಮಾಡಿ, ನ್ಯಾಯ, ಕರುಣೆ, ನಂಬಿಕೆ ಬಿಡಬೇಡಿ ಎಂದ. ಸಣ್ಣದನ್ನು ಎಣಿಸುವುದು ಸುಲಭ, ತೂಕದ್ದನ್ನು ಎಣಿಸಲು ಬರುವುದಿಲ್ಲ. ಆದ್ದರಿಂದ ಎಣಿಕೆಗೆ ಸಿಗುವ ಹಾಜರಿ, ಕಾಣಿಕೆ ಕವರು, ಉಪವಾಸ, ಬಾಯಿಪಾಠದ ವಚನಗಳಲ್ಲಿಯೇ ಮನಸ್ಸು ತೃಪ್ತಿಪಟ್ಟುಕೊಳ್ಳುತ್ತದೆ.

ಈ ಸೀಮೆಯ ಜನರಿಗೆ ಡಂಭದ ಭಕ್ತಿಯನ್ನು ಗುರುತಿಸುವುದು ಯಾರೂ ಹೊಸದಾಗಿ ಕಲಿಸಬೇಕಿಲ್ಲ ಎಂಬುದನ್ನೂ ನೆನಪಿಡಿ. ಕಾಗಿನೆಲೆಯ ಕನಕದಾಸರು, ಶಿಶುವಿನಾಳದ ಶರೀಫರು, ಸರ್ವಜ್ಞ ಇವರ ಮಾತು ಕೇಳುತ್ತ ಬೆಳೆದವರು ನಮ್ಮ ನೆರೆಯವರು. ನಮ್ಮ ಶುಭವರ್ತಮಾನದ ಕರಪತ್ರಕ್ಕಿಂತ ಮೊದಲು ಅವರು ನೋಡುವುದು ನಾವು ಕಿರಾಣಿ ಅಂಗಡಿಯ ಉದ್ರಿಯನ್ನು ಯಾವಾಗ ತೀರಿಸುತ್ತೇವೆ ಎಂಬುದನ್ನು.

ಈಗ ಆ 1 ಕೊರಿಂಥ 11ಕ್ಕೆ ಬರುತ್ತೇನೆ, ಯಾಕೆಂದರೆ ಅದನ್ನು ಅರ್ಧ ಓದಿದ್ದರಿಂದಲೇ ಬಹಳ ಹಾನಿಯಾಗಿದೆ. ಅಯೋಗ್ಯವಾಗಿ ತಿಂದರೆ ನ್ಯಾಯತೀರ್ಪಿಗೆ ಗುರಿಯಾಗುತ್ತೀರಿ ಎಂಬ ಭಾಗವನ್ನಷ್ಟೇ ಗಟ್ಟಿಯಾಗಿ ಓದುತ್ತೇವೆ. ಅದನ್ನು ಕೇಳಿ ಹಿಂದೆ ಸರಿಯುವವರು ಯಾರು? ಮಕ್ಕಳ ಮೇಲೆ ಸಿಟ್ಟು ಮಾಡಿದ ತಾಯಿ, ಕುಡಿತ ಬಿಡಲು ಒದ್ದಾಡುತ್ತಿರುವ ಗೌಂಡಿ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲವೆಂದು ಅಳುಕುವ ಕಾಲೇಜು ಹುಡುಗಿ. ಭೋಜನದ ದಿನ ಇಂಥವರು ಬೆಂಚಿನಲ್ಲೇ ಕೂತಿರುತ್ತಾರೆ. ಯಾವುದಕ್ಕೂ ಅಳುಕದವರು ಎದ್ದು ಮೊದಲು ಹೋಗುತ್ತಾರೆ. ಔಷಧ ಬೇಕಾದವರು ಹೊರಗೆ, ರೋಗವೇ ಇಲ್ಲವೆನ್ನುವವರು ಒಳಗೆ.

ಹದಿನೇಳನೇ ವಚನದಿಂದ ಓದಿದರೆ ಚಿತ್ರ ಬದಲಾಗುತ್ತದೆ. ಕೊರಿಂಥದಲ್ಲಿ ಆಗುತ್ತಿದ್ದದ್ದು ಇಷ್ಟು: ಇದ್ದವರು ಮೊದಲೇ ಬಂದು ತಂದದ್ದನ್ನು ತಾವೇ ಉಂಡು ಮುಗಿಸುತ್ತಿದ್ದರು. ಇಲ್ಲದವರು ಹಸಿದು ಉಳಿಯುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲ ಸಿಡಿದದ್ದು ಇದಕ್ಕೇ. ಕೊನೆಗೆ ಅವನು ಕೊಟ್ಟ ಪರಿಹಾರವೂ ಸರಳ: ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ (11:33). ಹೀಗಾಗಿ ಭೋಜನದ ಮುಂಚಿನ ಪರೀಕ್ಷೆಯ ಮೊದಲ ಪ್ರಶ್ನೆ, ಈ ಪಂಕ್ತಿಯಲ್ಲಿ ನನ್ನಿಂದ ಹೊರಗುಳಿದವರು ಯಾರು ಎಂಬುದು. ಮನಸ್ಸಿನ ಚಂಚಲತೆ, ಕೆಟ್ಟ ಕನಸುಗಳೆಲ್ಲ ಆ ಮೇಲಿನ ಮಾತು.

ಇದನ್ನು ನಮ್ಮ ಊರಿಗೆ ತಂದು ಕೇಳಿದರೆ ಪ್ರಶ್ನೆ ಚುಚ್ಚುತ್ತದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ದೀಕ್ಷಾಸ್ನಾನಕ್ಕೆ ಮುಂಚೆ ಜಾತಿ ಬಿಡಬೇಕು, ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಇಷ್ಟು ತಲೆಮಾರು ದಾಟಿದ ಮೇಲೂ, ಸಂಬಂಧ ಕುದುರಿಸುವಾಗ ನಮ್ಮ ಪಡಸಾಲೆಗಳಲ್ಲಿ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: 'ಹಿಂದಿಂದು ಯಾವ ಪೈಕಿ ಅಂತ್ರಿ ಅವ್ರು?' ಭೋಜನದ ಪಾತ್ರೆ ಒಂದೇ ಆಗಿದ್ದು, ಮದುವೆಯ ಮಾತಿಗೆ ಗಡಿ ಬೇರೆ ಇದ್ದರೆ, ಪೌಲನು ಕೊರಿಂಥಕ್ಕೆ ಬರೆದದ್ದು ನಮ್ಮ ವಿಳಾಸಕ್ಕೂ ಬಂದಂತೆಯೇ.

ಬಾಸೆಲಿನವರ ಬೇರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಪಂಥದಲ್ಲಿತ್ತು; ದಿನದ ನಡತೆಯನ್ನು ದೇವರ ಮುಂದೆ ಒರೆಗೆ ಹಚ್ಚುವುದು ಅವರಿಗೆ ಊಟದಷ್ಟು ಸಹಜ. ಬೇರೆ ಸಭೆಗಳಿಗೂ ಈ ಶಿಸ್ತು ಇದೆ. ಕಥೋಲಿಕರಲ್ಲಿ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ಲ್ಯಾಟೆರನ್ ಮಹಾಸಭೆ ಕಟ್ಟು ಮಾಡಿತು. ಯೇಸುಸಭೆ (ಜೆಸ್ವಿಟ್) ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ದಿನಕ್ಕೆರಡು ಸಲ ಮಾಡುವ ಐದು ಹಂತಗಳ ಪರೀಕ್ಷೆಯನ್ನು ಕಲಿಸಿದರು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಗಳಿಗೆ ಗಳಿಗೆಯ ಅವಲೋಕನ, ಕ್ಷಮೆ, ನಾಳೆಯ ತೀರ್ಮಾನ. ಮೆಥೊಡಿಸ್ಟರ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದು, ವಾರಕ್ಕೊಮ್ಮೆ ಕೂಡಿ, ಹೋದ ಸಲ ಕೂಡಿದ ಮೇಲೆ ಯಾವ ಪಾಪ ಮಾಡಿದಿರಿ ಎಂದು ನೇರವಾಗಿ ಕೇಳಿಸಿದರು. ಇವರ ಬೋಧನೆಗಳಲ್ಲಿ ವ್ಯತ್ಯಾಸ ಬೇಕಾದಷ್ಟಿದೆ. ಆದರೆ ಎಲ್ಲರಿಗೂ ಗೊತ್ತು ಮಾಡಿದ ಹೊತ್ತು ಇತ್ತು, ಸುತ್ತು ಬಳಸದ ಪ್ರಶ್ನೆ ಇತ್ತು. ನಮಗೆ ಇವತ್ತು ಎರಡೂ ಇಲ್ಲ.

ಕೂಟ ಹೇಗೆ ನಡೆಯಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, 'ಒಳ್ಳೇ ವಿಚಾರ, ನೋಡೋಣು' ಎಂದು ಕಡತಕ್ಕೆ ಸೇರಬಾರದು ಎಂದು.

ಶನಿವಾರ ಸಂಜೆ ಆರೂವರೆಗೆ, ಮುಕ್ಕಾಲು ತಾಸು ಸಾಕು. ಮೈಕ್ ಬೇಡ, ಕೀಬೋರ್ಡ್ ಬೇಡ, ಪ್ರಸಂಗವಂತೂ ಬೇಡವೇ ಬೇಡ. ಪ್ರಸಂಗ ಶುರುವಾದರೆ ಜನ ಕೇಳುಗರಾಗಿಬಿಡುತ್ತಾರೆ, ಪಕ್ಕದವರಿಗೆ ಒಪ್ಪುವ ಮಾತು ಯಾವುದೆಂದು ಹುಡುಕುತ್ತಾರೆ. ಮೊದಲು ಕೀರ್ತನೆ 139ರ ಕೊನೆಯ ಎರಡು ವಚನ, ಆ ಮೇಲೆ 1 ಕೊರಿಂಥ 11:17-34 ಪೂರ್ತಿ. ನಂತರ ಆರೋ ಏಳೋ ಪ್ರಶ್ನೆಗಳನ್ನು ಒಬ್ಬರು ನಿಧಾನವಾಗಿ ಓದಬೇಕು, ಪ್ರತಿ ಪ್ರಶ್ನೆಯ ಬಳಿಕ ಎರಡು ನಿಮಿಷ ಮೌನ. ಎರಡು ನಿಮಿಷ ಗಡಿಯಾರ ನೋಡಿಯೇ ಬಿಡಬೇಕು. ಅರ್ಧ ನಿಮಿಷಕ್ಕೇ ಕೆಮ್ಮು ಶುರುವಾಗುತ್ತದೆ, ಮುಂದೆ ನಿಂತವರಿಗೆ ಒಂದು ಪಲ್ಲವಿ ಎತ್ತಿಬಿಡೋಣ ಅನಿಸುತ್ತದೆ. ಎತ್ತಬಾರದು. ಮೊದಲ ಅರ್ಧ ನಿಮಿಷದಲ್ಲಿ ನೆನಪಿಗೆ ಬರುವುದು ಬೇರೆಯವರ ತಪ್ಪು. ನಮ್ಮದು ಬರುವುದು ಆ ಮೇಲೆ.

ಪ್ರಶ್ನೆಗಳು ಹೀಗಿರಬಹುದು. ನಾನು ಬಂದರೆ ಎದ್ದು ಹೋಗುವವರು, ಅವರು ಬಂದರೆ ನಾನು ಎದ್ದು ಹೋಗುವವರು ಈ ಸಭೆಯಲ್ಲಿ ಯಾರು? ಕೈಗಡ, ಉದ್ರಿ, ಭಿಶಿ ಚೀಟಿ, ಲಿಲಾವು ಇವುಗಳಲ್ಲಿ ನಾನು ಯಾರಿಗೆ ಕೊಡುವುದಿದೆ, ಅವರು ಕೇಳಲು ಸಂಕೋಚಪಡುತ್ತಾರೆಂದು ಸುಮ್ಮನಿದ್ದೇನೆಯೇ? ಮನೆ ಕೆಲಸಕ್ಕೆ ಬರುವಾಕೆಗೆ ಕೊಡುವ ಪಗಾರವನ್ನು ಕೊನೆಯ ಸಲ ಹೆಚ್ಚಿಸಿದ್ದು ಯಾವಾಗ? ಮನೆಯಲ್ಲಿ ಬಾಗಿಲು ಹಾಕಿದ ಮೇಲೆ ನನ್ನ ದನಿ ಹೇಗಿರುತ್ತದೆ, ಅದನ್ನು ಮಕ್ಕಳನ್ನು ಕೇಳಿದರೆ ಏನು ಹೇಳಿಯಾರು? ಮೊಬೈಲಿನಲ್ಲಿ ಯಾರೂ ನೋಡದಿರಲಿ ಎಂದು ಅಳಿಸಿದ್ದು ಏನು? ಯಾರನ್ನಾದರೂ ಹುಟ್ಟಿನಿಂದ ಅಳೆದಿದ್ದೇನೆಯೇ? ಸಮಿತಿಯವರಿಗೆ ಇನ್ನೊಂದು ಹೆಚ್ಚುವರಿ: ನಮ್ಮ ಕೈಕೆಳಗಿನ ಶಾಲೆ, ವಸತಿನಿಲಯ, ಕಚೇರಿಗಳಲ್ಲಿ ಸಹಿ ಮಾಡಿಸಿಕೊಂಡ ಪಗಾರವೂ ಕೈಗೆ ಕೊಟ್ಟ ಪಗಾರವೂ ಒಂದೇ ಇದೆಯೇ? ಕೂಲಿ ಹಿಡಿದವರ ವಿರುದ್ಧ ಆ ಕೂಲಿಯೇ ಕೂಗುತ್ತದೆ ಎಂದು ಯಾಕೋಬ 5:4ರಲ್ಲಿದೆ.

ಪ್ರತಿಯೊಬ್ಬರ ಕೈಯಲ್ಲಿ ಅರ್ಧ ಹಾಳೆ, ಪೆನ್ನು ಇರಲಿ. ಹಾಳೆಯಲ್ಲಿ ಮೂರು ಕಾಲಂ: ಏನು, ಯಾರಿಗೆ, ಯಾವತ್ತಿನೊಳಗೆ. ಬರೆಯುವುದಕ್ಕೆ ಕಟ್ಟುನಿಟ್ಟು ಒಂದೇ: ವಾಕ್ಯ 'ನಾನು' ಎಂದು ಶುರುವಾಗಬೇಕು, 'ಆದರೆ', 'ಯಾಕಂದ್ರೆ' ಎಂಬ ಎರಡು ಶಬ್ದ ಅದರೊಳಗೆ ಬರಬಾರದು. 'ತಮ್ಮನಿಗೆ ಬೈದೆ, ಆದರೆ ಅಂವ ಮೊದಲು...' ಎಂದಾಗ ಪೆನ್ನು ಅಲ್ಲೇ ನಿಲ್ಲಬೇಕು. ಮೂರನೇ ಕಾಲಂ ಖಾಲಿ ಬಿಟ್ಟರೆ ಬರೆದದ್ದೆಲ್ಲ ವ್ಯರ್ಥ. ತಾರೀಖಿಲ್ಲದ ಪಶ್ಚಾತ್ತಾಪ ಮುಂದಿನ ಲೆಂಟ್‌ವರೆಗೂ ಕಾದಿರುತ್ತದೆ. ಹಾಳೆಯನ್ನು ಯಾರೂ ಸಂಗ್ರಹಿಸಬಾರದು, ಅದು ಬರೆದವರ ಕಿಸೆಯಲ್ಲೇ ಮನೆಗೆ ಹೋಗಲಿ.

ಆ ರಾತ್ರಿ ಅಥವಾ ಭಾನುವಾರ ಬೆಳಿಗ್ಗೆ ಆ ಮನೆಗೆ ಹೋಗಬೇಕು. ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದವರಿಗೆ ಫೋನ್ ಮಾಡಿ ಮಾತಾಡಬೇಕು, ಕೈಮುಗಿದ ಇಮೋಜಿ ಕಳಿಸಿದರೆ ಆಗುವುದಿಲ್ಲ. ಹಣದ ವಿಷಯವಾದರೆ ಯಾಜಕಕಾಂಡ 6:5ರ ಲೆಕ್ಕ ಸ್ಪಷ್ಟ ಇದೆ: ಅಸಲು, ಅದರ ಮೇಲೆ ಐದರಲ್ಲೊಂದು ಪಾಲು. ಐದು ಸಾವಿರ ಹಿಡಿದಿಟ್ಟುಕೊಂಡಿದ್ದರೆ ಆರು ಸಾವಿರ ಕೊಡಬೇಕು. ಲೂಕ 19ರ ಸುಂಕದವನಾದ ಜಕ್ಕಾಯ ನಾಲ್ಕು ಪಟ್ಟು ಕೊಡುತ್ತೇನೆಂದ. ನಮ್ಮವರಿಂದ ಅಷ್ಟು ನಿರೀಕ್ಷಿಸುವುದು ಬೇಡ. ಕೊಡಬೇಕಾದವರು ತೀರಿಹೋಗಿದ್ದರೆ ವಾರಸುದಾರರಿಗೆ, ಅವರೂ ಇಲ್ಲದಿದ್ದರೆ ದೇವರ ಕೆಲಸಕ್ಕೆ ಸಲ್ಲಬೇಕೆಂದು ಅರಣ್ಯಕಾಂಡ 5:8ರಲ್ಲಿಯೇ ದಾರಿ ಇದೆ. ಹೋದಾಗ ಅವರು ಬಾಗಿಲು ತೆರೆಯದಿದ್ದರೆ? ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಂದು ರೋಮ 12:18 ಹೇಳುತ್ತದೆ. ಹೋಗಿ ಬಂದವರು ಭೋಜನಕ್ಕೆ ಬರಲಿ.

ಇದು ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಮೊದಲನೆಯದು ಬಾಯಿಬಡುಕತನ. ಒಬ್ಬರು ಸಭಾಪಾಲಕರಿಗೆ ಗುಟ್ಟಾಗಿ ಹೇಳಿಕೊಂಡದ್ದು ಮುಂದಿನ ಭಾನುವಾರ ಪ್ರಸಂಗದಲ್ಲಿ ಹೆಸರಿಲ್ಲದೆ ಉದಾಹರಣೆಯಾಗಿ ಬಂದರೆ ಸಾಕು, ಆ ಸಭೆಯಲ್ಲಿ ಹತ್ತು ವರ್ಷ ಯಾರೂ ಬಾಯಿ ಬಿಡುವುದಿಲ್ಲ. 'ಇಂಥವರ ಮನೆ ಪರಿಸ್ಥಿತಿಗಾಗಿ ಪ್ರಾರ್ಥಿಸೋಣ' ಎಂದು ಕೂಟದಲ್ಲಿ ಎತ್ತುವ ಬೇಡಿಕೆ ಎಷ್ಟೋ ಸಲ ಪ್ರಾರ್ಥನೆಯ ವೇಷ ತೊಟ್ಟ ಚಾಡಿ. ಇನ್ನೊಂದು ಸಾಕ್ಷಿ ಹೇಳುವ ಪದ್ಧತಿ. ಇಪ್ಪತ್ತು ವರ್ಷದ ಹಿಂದಿನ ಕುಡಿತ, ಇಸ್ಪೀಟನ್ನು ರಸವತ್ತಾಗಿ ಬಿಡಿಸುವವರು ಹೋದ ತಿಂಗಳಿನದನ್ನು ಹೇಳುವುದಿಲ್ಲ. ಹಳೆಯ ಪಾಪದ ಕಥೆಗೆ ಗೌರವ ಸಿಗುತ್ತದೆ, ಹೊಸದಕ್ಕೆ ಬೆಲೆ ತೆರಬೇಕಾಗುತ್ತದೆ.

ಅತಿ ಸೂಕ್ಷ್ಮ ಮನಸ್ಸಿನವರೂ ಇದ್ದಾರೆ. ಒಮ್ಮೆ ಅರಿಕೆ ಮಾಡಿದ್ದನ್ನೇ ನೂರು ಸಲ ಕೆದಕಿ, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ನಿದ್ದೆಗೆಡುವವರಿಗೆ ಈ ಪ್ರಶ್ನೆಪಟ್ಟಿ ಕೊಡಬಾರದು. ಪಾಪಗಳನ್ನು ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಎಂಬ 1 ಯೋಹಾನ 1:9ನ್ನು ಅವರಿಗೆ ಓದಿ, ಇಷ್ಟಕ್ಕೆ ಮುಗಿಯಿತು ಎಂದು ಸಭಾಪಾಲಕರು ಗಟ್ಟಿಯಾಗಿ ಹೇಳಬೇಕು. ಭಯ ಹೋಗದಿದ್ದರೆ ಮನೋವೈದ್ಯರಲ್ಲಿಗೆ ಕಳಿಸಲು ಹಿಂಜರಿಯಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಇದು: 'ಒಂದಾಗಿ ಬಾ' ಎಂಬ ಮಾತನ್ನು ಪೆಟ್ಟು ತಿಂದವರ ಮೇಲೆ ಹೇರುವುದು. ಗಂಡನ ಏಟು ತಿಂದವಳನ್ನು ಭೋಜನಕ್ಕೆ ಮುಂಚೆ ಗಂಡನ ಹತ್ತಿರ ಕಳಿಸಿ ರಾಜಿ ಮಾಡಿಸುವ ಹಿರೇತನ ನಮ್ಮಲ್ಲಿ ಬಹಳ ನಡೆದಿದೆ. ಮತ್ತಾಯ 5ರಲ್ಲಿ ಎದ್ದು ಹೋಗಬೇಕಾದವನು ತಪ್ಪು ಮಾಡಿದವನು, ಯಾರ ಮೇಲೆ ಸಹೋದರನ ದೂರಿದೆಯೋ ಅವನು. ನೊಂದವರನ್ನು ಓಡಾಡಿಸುವುದು ಆ ವಚನದಲ್ಲಿಲ್ಲ. ಹೆಂಗಸರ ಮೇಲೆ, ಮಕ್ಕಳ ಮೇಲೆ ನಡೆದ ಅಪರಾಧ ಹಿರಿಯರ ಕೋಣೆಯಲ್ಲಿ ಮುಗಿಸುವ ಸಂಗತಿಯಲ್ಲ, ಅದು ಪೊಲೀಸ್ ಠಾಣೆಗೆ ಹೋಗಬೇಕು. 1 ಕೊರಿಂಥ 6 ಆಸ್ತಿಯ ತಕರಾರಿಗೆ ಸಲ್ಲುತ್ತದೆ. ಅಪರಾಧ ಮುಚ್ಚಿಹಾಕಲು ಅದನ್ನು ಎಳೆದು ತರಬೇಡಿ.

ಆದ್ದರಿಂದ ನನ್ನ ಬೇಡಿಕೆಗಳು. ಈ ಲೆಂಟ್‌ನಿಂದ ಪ್ರತಿ ಭೋಜನದ ಹಿಂದಿನ ಶನಿವಾರ ಸಿದ್ಧತಾ ಕೂಟ ಮತ್ತೆ ನಡೆಯಲಿ, ಅದರ ಹೊತ್ತನ್ನು ವಾರದ ಪ್ರಕಟಣೆಯಲ್ಲಿ ಓದಲಿ. ಮೊದಲ ಎರಡು ಕೂಟ ಸಭಾಪಾಲಕರು, ಹಿರಿಯರು, ಸಮಿತಿಯವರಿಗೆ ಮಾತ್ರ ಇರಲಿ. ಜನರನ್ನು ಮೊದಲು ಕರೆದರೆ ಮತ್ತಾಯ 7ರಲ್ಲಿ ಯೇಸು ಹೇಳಿದ ಸ್ವಂತ ಕಣ್ಣಿನ ತೊಲೆ ಮುಂದಿನ ಬೆಂಚಿನಲ್ಲೂ ಸಹೋದರನ ಕಣ್ಣಿನ ರವೆ ಹಿಂದಿನ ಬೆಂಚಿನಲ್ಲೂ ಉಳಿಯುತ್ತದೆ, ಹಿಂದಿನ ಬೆಂಚಿನವರಿಗೆ ಅದು ಚೆನ್ನಾಗಿ ಕಾಣುತ್ತದೆ. ಹೆಂಗಸರ ಮಾತು ಕೇಳಿಸಿಕೊಳ್ಳಲು, ಸಮಿತಿಯಲ್ಲಿ ಇಲ್ಲದ, ಬಾಯಿ ಭದ್ರವಿರುವ ಒಬ್ಬ ಹಿರಿಯ ಹೆಂಗಸನ್ನು ಪ್ರತಿ ಸಭೆಯೂ ಗೊತ್ತು ಮಾಡಲಿ. ಗಂಡಸರ ಸಮಿತಿಯ ಮುಂದೆ ಯಾವ ಹೆಣ್ಣುಮಗಳೂ ಬರುವುದಿಲ್ಲ, ಬರಬೇಕೆಂದು ಬಯಸುವುದೂ ತಪ್ಪು. ಎರಡೂ ಕಡೆ ಸಭೆಯ ಸದಸ್ಯರೇ ಇರುವ ಆಸ್ತಿ ವ್ಯಾಜ್ಯಗಳಲ್ಲಿ ಒಂದನ್ನಾದರೂ ಈಸ್ಟರ್ ಒಳಗೆ ಮಾತುಕತೆಗೆ ಕೂಡಿಸಿ. ಎಲ್ಲವನ್ನೂ ಹಚ್ಚಿಕೊಂಡರೆ ಒಂದೂ ಆಗುವುದಿಲ್ಲ, ಒಂದನ್ನೇ ಹಿಡಿಯಿರಿ.

ಲಿಲಾವಿನ ಬಾಕಿಯ ಬಗ್ಗೆ ಬೇರೆ ಮಾಡಬೇಕಾದದ್ದಿದೆ. ಬಾಕಿದಾರರ ಹೆಸರನ್ನು ಸಭೆಯಲ್ಲಿ ಓದಬೇಡಿ, ಅದು ಬಡವರನ್ನು ಮೊದಲು ನಾಚಿಸುತ್ತದೆ. ಖಜಾಂಚಿ ಪ್ರತಿಯೊಬ್ಬರಿಗೂ ಮುಚ್ಚಿದ ಲಕೋಟೆಯಲ್ಲಿ ಮೊತ್ತ ಬರೆದು ಕಳಿಸಲಿ. ನಿಜವಾಗಿಯೂ ಕೊಡಲಾಗದವರು ಹೇಳಿದರೆ ಸಮಿತಿ ಅದನ್ನು ಮನ್ನಾ ಮಾಡಲಿ, ಅದೂ ಒಂದು ಸುಗ್ಗಿಯ ಕಾಣಿಕೆಯೇ. ಆದರೆ ಹಿರಿಯರ, ಸಮಿತಿ ಸದಸ್ಯರ ಬಾಕಿ ಮನ್ನಾ ಆಗಬಾರದು. ಅದು ಬೂದಿ ಬುಧವಾರಕ್ಕೆ ಮುಂಚೆ, ಐದರಲ್ಲೊಂದು ಪಾಲು ಸೇರಿಸಿ, ರಸೀದಿಯೊಂದಿಗೆ ಜಮೆಯಾಗಲಿ. ಮುಂದಿನ ಸುಗ್ಗಿ ಹಬ್ಬದಲ್ಲಿ ಸ್ಥಳದಲ್ಲೇ ಹಣ ಕೊಟ್ಟವರ ಕೂಗನ್ನು ಮಾತ್ರ ಮೈಕಿನಲ್ಲಿ ಹೇಳುವ ನಿಯಮ ಮಾಡಿ. ತೆಂಗಿನಕಾಯಿ ಐನೂರಕ್ಕೇ ನಿಂತರೂ ಪರವಾಗಿಲ್ಲ.

ಇಂತಿ,
ತಮ್ಮ ವಿಶ್ವಾಸಿ,
ಸಭೆಯ ಒಬ್ಬ ಸದಸ್ಯ
ಹುಬ್ಬಳ್ಳಿ